ಯಂತ್ರದ ಕೈಫಿಯತ್ತು



'ಕೈಫಿಯತ್ತು' ಎಂಬ ಮಾತನ್ನು ನಿಮ್ಮಲ್ಲಿ ಹಿರಿಯರು ಕೇಳಿಯೇ ಇರುತ್ತೀರಿ. ಅರಬ್ಬಿಯಲ್ಲಿ 'ಕೈಫ' ಎಂದರೆ 'ಹೇಗೆ' ಎಂದರ್ಥ. ಅದರಿಂದ ಬಂದ ಕೈಫಿಯತ್ ಎಂದರೆ 'ಹೇಗಿದೆ ಎಂಬುದರ ವಿವರ', ಸ್ಥಿತಿಗತಿ. ಉರ್ದುವಿನಲ್ಲಿ ಇಂದಿಗೂ ದಿನಬಳಕೆಯ ಮಾತು. ಕನ್ನಡಕ್ಕೆ ಇದು ಕಚೇರಿಯ ಬಾಗಿಲಿನಿಂದ ಬಂತು. ನಮ್ಮ ನೆರೆಯ ಶಿರಾ 1687ರಿಂದ ಮೊಗಲರ ಒಂದು ಸುಬಾದ ಮುಖ್ಯ ಪಟ್ಟಣವಾಗಿತ್ತು. ತಾಲ್ಲೂಕು, ಜಮಾಬಂದಿ, ಶಿರಸ್ತೇದಾರ ಮುಂತಾದ ಎಷ್ಟೋ ಮಾತುಗಳು ಇಂಥ ಆಡಳಿತಗಳ ಕಾಲದಲ್ಲಿ ಕನ್ನಡದಲ್ಲಿ ನೆಲೆ ನಿಂತವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಎಂಬ ಅಧಿಕಾರಿ ಮೈಸೂರು ಸೀಮೆಯ ಮೋಜಣಿಗೆ ಬಂದಾಗ, ಅವನ ಸಹಾಯಕರು ಊರೂರಿನ ಶಾನುಭೋಗರನ್ನೂ ಹಿರಿಯರನ್ನೂ ಕೇಳಿ ಊರಿನ ವೃತ್ತಾಂತ ಬರೆಸಿಕೊಂಡರು. ಅವೇ ಇಂದು ಇತಿಹಾಸಕಾರರಿಗೆ ಬೆಲೆಬಾಳುವ 'ಕೈಫಿಯತ್ತು'ಗಳು.

ಈ ಲೇಖನದ ವಿಷಯ ಊರಿನ ಕೈಫಿಯತ್ತಲ್ಲ, ಯಂತ್ರದ ಕೈಫಿಯತ್ತು. ಒಂದು ಯಂತ್ರ, ಅದರಲ್ಲೂ ಒಂದು ಗಣಕಯಂತ್ರ, ತಾನು ಹೇಗಿದ್ದೇನೆ, ಎಷ್ಟು ದಣಿದಿದ್ದೇನೆ, ಎಷ್ಟು ಬಿಸಿಯಾಗಿದ್ದೇನೆ ಎಂಬುದನ್ನು ತಾನೇ ಹೇಳುವಂತೆ ಮನುಷ್ಯ ಅದನ್ನು ಯಾವಾಗ, ಹೇಗೆ ಕಲಿಸಿದ? ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಭಾಷೆಯವರಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಕೇಳುವುದು, ಬರೆದುಕೊಳ್ಳುವುದು, ಬರೆದದ್ದನ್ನು ನಂಬಬಹುದೇ ಎಂದು ನೋಡುವುದು, ಇವು ಭಾಷೆಯವರ ಕೆಲಸಗಳೇ.

ಮೊದಲ ಹೆಜ್ಜೆ ಉಗಿಯಂತ್ರದ ಕಾಲದ್ದು. 1796ರಲ್ಲಿ ಜೇಮ್ಸ್ ವಾಟ್‌ನ ಸಹಾಯಕ ಜಾನ್ ಸದರ್ನ್, ಉಗಿಯಂತ್ರದ ಸಿಲಿಂಡರಿಗೆ ಒಂದು ಸಣ್ಣ ಉಪಕರಣ ಜೋಡಿಸಿ ಅದಕ್ಕೊಂದು ಪೆನ್ಸಿಲು ಕಟ್ಟಿದ. ಒಳಗಿನ ಒತ್ತಡ ಏರಿಳಿದಂತೆ ಪೆನ್ಸಿಲು ಕಾಗದದ ಮೇಲೆ ಗೆರೆ ಎಳೆಯಿತು. ಯಂತ್ರ ತನ್ನ ನಬ್ಜ್ ತಾನೇ ಬರೆದಂತಾಯಿತು. ಹಕೀಮರು ಮಣಿಕಟ್ಟು ಹಿಡಿದು ನೋಡುವ ನಾಡಿಗೆ ಉರ್ದುವಿನಲ್ಲಿ ನಬ್ಜ್ ಎನ್ನುತ್ತೇವಲ್ಲ, ಅದೇ. ಆ ಗೆರೆಯನ್ನು ಓದಬಲ್ಲವನಿಗೆ ಕವಾಟ ತಡವಾಗಿ ತೆರೆಯುತ್ತಿದೆಯೋ, ಉಗಿ ಸೋರುತ್ತಿದೆಯೋ ಎಲ್ಲವೂ ತಿಳಿಯುತ್ತಿತ್ತು. ವಾಟ್‌ನ ಕಂಪನಿಯವರು ಈ ಉಪಕರಣವನ್ನು ಬಹುಕಾಲ ಗುಟ್ಟಾಗಿಯೇ ಇಟ್ಟರು. ಯಂತ್ರದ ಬಗ್ಗೆ ತಿಳಿದಿರುವುದು ಯಂತ್ರದಷ್ಟೇ ಬೆಲೆಯುಳ್ಳದ್ದು ಎಂದು ಅವರಿಗೆ ಆಗಲೇ ಗೊತ್ತಿತ್ತು.

ಎದುರಿಗಿರುವ ಯಂತ್ರವನ್ನು ಕೇಳುವುದು ಸುಲಭ. ಕಣ್ಣಿಗೆ ಕಾಣದಷ್ಟು ದೂರ ಹೋದ ಯಂತ್ರವನ್ನು ಕೇಳುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಕರ್ನಾಟಕದಲ್ಲೇ ದೊಡ್ಡ ಇತಿಹಾಸವಿದೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿಯ ಕಡೆಯವರೇ ಆದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಅದರ ತೂಕ 360 ಕಿಲೋ. ಬೆಂಗಳೂರಿನಲ್ಲಿ ಅದರ ಸಂಕೇತಗಳನ್ನು ಹಿಡಿಯುವ ಕೇಂದ್ರಕ್ಕೆ ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಅದಕ್ಕೆ ಬದಲಾಯಿಸಿಕೊಂಡರು ಎಂಬ ಪ್ರಸಂಗವನ್ನು ಇಸ್ರೋದ ಹಿರಿಯರು ಇಂದಿಗೂ ಹೇಳುತ್ತಾರೆ. ಸೌಕರ್ಯ ಸಾಲದು ಎನ್ನುವ ಶಾಲೆಗಳಿಗೆ ಈ ಪ್ರಸಂಗ ಹೇಳಬಹುದು. ಸೌಕರ್ಯ ಕೊಡದವರು ಮಾತ್ರ ಇದನ್ನು ನೆಪ ಮಾಡಿಕೊಳ್ಳಬಾರದು.

ಉಪಗ್ರಹ ಎರಡು ಬಗೆಯ ಅಂಕಿಗಳನ್ನು ಕಳಿಸುತ್ತದೆ. ಒಂದು, ಅದು ಹೋದ ಕೆಲಸದ್ದು: ಆಕಾಶದ ಎಕ್ಸ್ ಕಿರಣ, ಸೂರ್ಯನ ಕಣ ಇತ್ಯಾದಿ. ಇನ್ನೊಂದು, ಅದರ ಮನೆವಾರ್ತೆ: ಬ್ಯಾಟರಿಯ ವೋಲ್ಟೇಜು ಎಷ್ಟು, ಒಳಗಿನ ಶಾಖ ಎಷ್ಟು, ಯಾವ ಸಲಕರಣೆ ಎಷ್ಟು ವಿದ್ಯುತ್ತು ಎಳೆಯುತ್ತಿದೆ. ಆರ್ಯಭಟದಲ್ಲಿ ನಾಲ್ಕು ದಿನ ಕಳೆಯುವಷ್ಟರಲ್ಲಿ ಪ್ರಯೋಗಗಳಿಗೆ ಹೋಗುವ ವಿದ್ಯುತ್ ಸರಬರಾಜು ಕೈಕೊಟ್ಟಿತು, ಪ್ರಯೋಗಗಳು ನಿಂತವು. ಆದರೆ ಉಪಗ್ರಹದ ಮುಖ್ಯ ಅಂಗಗಳು 1981ರ ಮಾರ್ಚ್‌ವರೆಗೆ ಜೀವಂತವಾಗಿದ್ದವು. ಮೊದಲ ಬಗೆಯ ಅಂಕಿ ನಿಂತರೂ ಎರಡನೆಯ ಬಗೆಯ ಅಂಕಿ ಮುಂದಿನ ಉಪಗ್ರಹಗಳಿಗೆ ಪಾಠವಾಯಿತು.

ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಆರಂಭವಾಯಿತು. ಅದೇ ವರ್ಷ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎ, ದಿಕ್ಕು ಸರಿಪಡಿಸಿಕೊಳ್ಳುವ ಇಂಧನವೆಲ್ಲ ಖರ್ಚಾಗಿ ಸೆಪ್ಟೆಂಬರಿನಲ್ಲೇ ಕೈತಪ್ಪಿತು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರ ಕಥೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಚಂದ್ರನ ಸುತ್ತ ಸುತ್ತತೊಡಗಿದ ಒಂದೇ ತಿಂಗಳಲ್ಲಿ ಅದರ ಒಳಗಿನ ಶಾಖ 50 ಡಿಗ್ರಿಗೆ ಏರಿತು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಬೋಗುಣಿಯಂಥ ಆಂಟೆನಾ ಇದೆಯಲ್ಲ, ಅಂಥವುಗಳ ಮೂಲಕ ಬಂದ ಅಂಕಿ ನೋಡಿ ವಿಜ್ಞಾನಿಗಳು ನೌಕೆಯನ್ನು ಸ್ವಲ್ಪ ತಿರುಗಿಸಿದರು, ಕೆಲವು ಉಪಕರಣಗಳನ್ನು ಆರಿಸಿದರು, ಶಾಖ ಇಳಿಯಿತು. ಮುಂದೆ 2009ರ ಆಗಸ್ಟ್ ಕೊನೆಯಲ್ಲಿ ಸಂಪರ್ಕ ಕಡಿದುಹೋಯಿತಾದರೂ ಅಷ್ಟರಲ್ಲಿ ಚಂದ್ರನ ಮೇಲೆ ನೀರಿನ ಅಂಶವಿರುವ ಕುರುಹನ್ನು ಅದು ಹುಡುಕಿ ಕೊಟ್ಟಿತ್ತು.

ಇನ್ನು ನೆಲದ ಮೇಲಿನ ಗಣಕಯಂತ್ರಕ್ಕೆ ಬರೋಣ. 1970ರ ದಶಕದ ಆರಂಭದಲ್ಲಿ ಒಂದು ಗಣಕಯಂತ್ರವನ್ನು ಹತ್ತಾರು ಜನ ಒಟ್ಟಿಗೆ ಬಳಸುತ್ತಿದ್ದರು. ಕುಳಿತವನಿಗೆ, ಇವತ್ತು ಯಂತ್ರ ಬಿಡುವಾಗಿದೆಯೇ, ನಾಳೆ ಬರಲೇ ಎಂಬ ಪ್ರಶ್ನೆ. ಅದಕ್ಕೆ ಟೆನೆಕ್ಸ್ ಎಂಬ ವ್ಯವಸ್ಥೆ 'ಲೋಡ್ ಆವರೇಜ್' ಎಂಬ ಅಂಕಿ ಕೊಟ್ಟಿತು. ರೇಷನ್ ಅಂಗಡಿಯ ಮುಂದೆ ಸರಾಸರಿ ಎಷ್ಟು ಜನ ಸಾಲಿನಲ್ಲಿದ್ದಾರೆ ಎಂಬಂಥ ಲೆಕ್ಕ ಅದು. ಇಂದಿನ ಲಿನಕ್ಸ್ ಯಂತ್ರಗಳಲ್ಲೂ ಕಳೆದ 1, 5, 15 ನಿಮಿಷಗಳ ಮೂರು ಅಂಕಿಗಳಾಗಿ ಅದು ಉಳಿದಿದೆ. ಮೂರನ್ನೂ ಒಟ್ಟಿಗೆ ಓದಬೇಕು: ಮೊದಲನೆಯದು ಹೆಚ್ಚು, ಮೂರನೆಯದು ಕಡಿಮೆ ಇದ್ದರೆ ಹೊರೆ ಈಗ ಏರುತ್ತಿದೆ, ತಿರುಗುಮುರುಗಾಗಿದ್ದರೆ ಗದ್ದಲ ಮುಗಿದಿದೆ.

1984ರಲ್ಲಿ ಬೆಲ್ ಪ್ರಯೋಗಾಲಯದ ಟಾಮ್ ಕಿಲಿಯನ್ ಒಂದು ಸೊಗಸಾದ ಉಪಾಯ ಮಾಡಿದರು. ಯಂತ್ರದೊಳಗೆ ಓಡುತ್ತಿರುವ ಕೆಲಸಗಳನ್ನು ಓದಬಹುದಾದ ಕಡತಗಳಂತೆ ಕಾಣಿಸಿದರು. 'ಪ್ರಾಕ್' ಎಂಬ ಕಡತಕೋಶದಲ್ಲಿ ನೋಡಿದರೆ ಕಡತ ಇದ್ದಂತೆ ಕಾಣುತ್ತದೆ, ಆದರೆ ಡಿಸ್ಕಿನಲ್ಲಿ ಅದು ಇಲ್ಲ. ನೀವು ತೆರೆದ ಗಳಿಗೆಯಲ್ಲೇ ಯಂತ್ರ ಅದನ್ನು ಬರೆದುಕೊಡುತ್ತದೆ. ಶಾನುಭೋಗರನ್ನು ಕೇಳಿದಾಗ ಮಾತ್ರ ಹುಟ್ಟುತ್ತಿದ್ದ ಕೈಫಿಯತ್ತಿನ ಹಾಗೆ! ಲಿನಕ್ಸ್ ಈ ಉಪಾಯವನ್ನು ಇನ್ನೂ ಬೆಳೆಸಿ, ಕೆಲಸಗಳ ಜೊತೆಗೆ ಸಿಪಿಯು, ಮೆಮೊರಿ ಎಲ್ಲದರ ಲೆಕ್ಕವನ್ನೂ ಅಲ್ಲೇ ಇಟ್ಟಿತು. 1988ರಲ್ಲಿ ದೂರದ ಯಂತ್ರಗಳನ್ನು ಜಾಲದ ಮೂಲಕ ಹೀಗೆ ಕೇಳುವುದಕ್ಕೆ 'ಎಸ್ಎನ್ಎಂಪಿ' ಎಂಬ ನಿಯಮಾವಳಿ ಬಂತು. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಈಗ ಇತಿಹಾಸದ ಇನ್ನೊಂದು ಕವಲು. ಯಂತ್ರ ಉತ್ತರ ಕೊಟ್ಟರೆ ಸಾಕೇ? ಕೊಟ್ಟ ಉತ್ತರವನ್ನು ಹೊತ್ತು ತರಬೇಕು, ಸೋಸಬೇಕು, ಬೇಕಾದವರ ಮುಂದೆ ಇಡಬೇಕು. ಈ ಕೆಲಸಕ್ಕೆ ಬಹಳ ಹೊಂದುವುದು 'ಹರಿವಿನ ಕ್ರಮವಿಧಿ', ಅಂದರೆ ಫ್ಲೋ ಬೇಸ್ಡ್ ಪ್ರೋಗ್ರಾಮಿಂಗ್. ಇದನ್ನು 1960ರ ದಶಕದ ಕೊನೆಯಲ್ಲಿ ರೂಪಿಸಿದವರು ಕೆನಡಾದ ಐಬಿಎಂ ಕಂಪನಿಯಲ್ಲಿದ್ದ ಜೆ. ಪಾಲ್ ಮಾರಿಸನ್.

ಆ ಕಾಲದ ಕ್ರಮವಿಧಿ ಎಂದರೆ ಅಡುಗೆ ಪುಸ್ತಕ ಇದ್ದ ಹಾಗೆ: ಇದನ್ನು ಮಾಡು, ಅದಾದ ಮೇಲೆ ಅದನ್ನು ಮಾಡು. ಒಬ್ಬನೇ ಬಾಣಸಿಗ, ಒಂದರ ನಂತರ ಒಂದು ಕೆಲಸ. ಮಾರಿಸನ್ ಯೋಚಿಸಿದ್ದು ಬೇರೆ. ಮದುವೆ ಮನೆಯ ಅಡುಗೆಯನ್ನು ನೆನೆಯಿರಿ. ಒಬ್ಬರು ಈರುಳ್ಳಿ ಹೆಚ್ಚುತ್ತಾರೆ, ಒಬ್ಬರು ಅಕ್ಕಿ ತೊಳೆಯುತ್ತಾರೆ, ಒಬ್ಬರು ದೇಗಿನ ಮುಂದೆ ನಿಂತಿದ್ದಾರೆ. ಈರುಳ್ಳಿಯವರಿಗೆ ದೇಗಿನವರ ಕೆಲಸ ಗೊತ್ತಿರಬೇಕಾಗಿಲ್ಲ. ಹೆಚ್ಚಿದ್ದನ್ನು ತಟ್ಟೆಗೆ ಹಾಕಿ ಮುಂದೆ ದೂಡಿದರೆ ಆಯಿತು. ಹಾಗೆಯೇ ಕ್ರಮವಿಧಿಯನ್ನು ಸಣ್ಣ ಸಣ್ಣ ಪೆಟ್ಟಿಗೆಗಳಾಗಿ ಮಾಡಿ, ಅವುಗಳ ನಡುವೆ ಕೊಳವೆ ಜೋಡಿಸಿ, ಕೊಳವೆಯಲ್ಲಿ ಮಾಹಿತಿಯ ಪೊಟ್ಟಣಗಳು ಹರಿಯುವಂತೆ ಮಾಡಿದರೆ? ಪೆಟ್ಟಿಗೆ ಬದಲಾಯಿಸದೆ ಬರೀ ಕೊಳವೆಯ ಜೋಡಣೆ ಬದಲಿಸಿ ಹೊಸ ಕೆಲಸ ಮಾಡಿಸಬಹುದು. ಇದರ ವಿವರಣೆಯನ್ನು ಐಬಿಎಂ 1971ರಲ್ಲಿ ತನ್ನ ತಾಂತ್ರಿಕ ಪ್ರಕಟಣೆಯಲ್ಲಿ ಅಚ್ಚು ಮಾಡಿತು. ಕೆನಡಾದ ಒಂದು ದೊಡ್ಡ ಬ್ಯಾಂಕು 1970ರ ದಶಕದಲ್ಲಿ ಇದನ್ನು ತನ್ನ ಲೆಕ್ಕಪತ್ರಕ್ಕೆ ಅಳವಡಿಸಿಕೊಂಡು ದಶಕಗಳ ಕಾಲ ಬಳಸಿತು. ಮಾರಿಸನ್ ತಮ್ಮ ಪುಸ್ತಕ ಬರೆದದ್ದು 1994ರಲ್ಲಿ.

ಇದೇ ದಾಹ ಇನ್ನೊಬ್ಬರಿಗೂ ಇತ್ತು. ಬೆಲ್ ಪ್ರಯೋಗಾಲಯದ ಡಗ್ ಮೆಕಿಲ್ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದು, ಕ್ರಮವಿಧಿಗಳನ್ನು ತೋಟಕ್ಕೆ ನೀರು ಹಾಯಿಸುವ ಪೈಪುಗಳಂತೆ ಒಂದಕ್ಕೊಂದು ತಿರುಪಿ ಜೋಡಿಸುವಂತಿರಬೇಕು ಎಂದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ನಲ್ಲಿ ಮಾಡಿ ತೋರಿಸಿದರು. ಬೋರಿನ ನೀರು ಪೈಪಿನಲ್ಲಿ ಬಂದು, ಗೇಟ್‌ವಾಲ್ವಿನಲ್ಲಿ ಕವಲೊಡೆದು, ಡ್ರಿಪ್ಪಿನಲ್ಲಿ ಹನಿಯಾಗುವುದನ್ನು ದಿನವೂ ನೋಡುವ ನಮ್ಮ ಹೋಬಳಿಯ ಮಕ್ಕಳಿಗೆ ಈ ಹೋಲಿಕೆ ವಿವರಿಸಬೇಕಾಗಿಲ್ಲ.

ನಂತರ ಬಹುಕಾಲ ಈ ವಿಚಾರ ಮೂಲೆಯಲ್ಲಿತ್ತು. ಅದಕ್ಕೆ ಮತ್ತೆ ಜೀವ ಬಂದದ್ದು ಸಣ್ಣ ಯಂತ್ರಗಳಿಂದ. 2012ರ ಫೆಬ್ರವರಿಯಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕಯಂತ್ರ ಮಾರುಕಟ್ಟೆಗೆ ಬಂತು. 2013ರ ಆರಂಭದಲ್ಲಿ ಇಂಗ್ಲೆಂಡಿನ ಹರ್ಸ್ಲಿಯಲ್ಲಿರುವ ಐಬಿಎಂ ಕಚೇರಿಯ ನಿಕ್ ಓಲಿಯರಿ ಮತ್ತು ಡೇವ್ ಕಾನ್ವೇ-ಜೋನ್ಸ್ 'ನೋಡ್-ರೆಡ್' ಎಂಬ ತಂತ್ರಾಂಶ ಮಾಡಿದರು. ಪರದೆಯ ಮೇಲೆ ಪೆಟ್ಟಿಗೆಗಳನ್ನು ಎಳೆದಿಟ್ಟು ಗೆರೆಯಿಂದ ಜೋಡಿಸಿದರೆ ಸಾಕು, ಕ್ರಮವಿಧಿ ಸಿದ್ಧ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. 2015ರ ನವೆಂಬರಿನಲ್ಲಿ ರಾಸ್ಪ್‌ಬೆರಿ ಪೈ ಜೊತೆಗೇ ಅದು ಬರತೊಡಗಿತು.

ಈಗ ಒಂದು ಸಣ್ಣ ಹರಿವು ಕಟ್ಟಿ ನೋಡಿ. ಮೊದಲ ಪೆಟ್ಟಿಗೆಯ ಹೆಸರು ಇಂಜೆಕ್ಟ್. ಶಾಲೆಯ ಗಂಟೆಯಂತೆ ಅದು ಹತ್ತು ಸೆಕೆಂಡಿಗೊಮ್ಮೆ ಬಡಿಯುತ್ತದೆ. ಎರಡನೆಯದು ಪ್ರಾಕ್ ಕಡತವನ್ನು ಓದುತ್ತದೆ. ಮೂರನೆಯದು ಫಂಕ್ಷನ್, ಅಲ್ಲಿ ಲೆಕ್ಕ. ಕೊನೆಯದು ಪರದೆಯ ಮೇಲೆ ಗೆರೆ ಬರೆಯುತ್ತದೆ. ಒಳ್ಳೆಯದು, ಆದರೆ ಮೂರನೆಯ ಪೆಟ್ಟಿಗೆಯಲ್ಲಿ ಒಂದು ಸೂಕ್ಷ್ಮವಿದೆ. ಇತಿಹಾಸ ಬಿಟ್ಟು ಸ್ವಲ್ಪ ಗಣಿತಕ್ಕೆ ಬರುತ್ತೇನೆ, ಬೇಸರಿಸಬೇಡಿ.

ಸಿಪಿಯು ಎಷ್ಟು ದುಡಿಯುತ್ತಿದೆ ಎಂದು ಕೇಳಿದರೆ ಲಿನಕ್ಸ್ ಶೇಕಡಾವಾರು ಹೇಳುವುದಿಲ್ಲ. ಯಂತ್ರ ಶುರುವಾದಾಗಿನಿಂದ ಇಲ್ಲಿಯವರೆಗೆ ಎಷ್ಟು ಹೊತ್ತು ದುಡಿದೆ, ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ. ನಿಮ್ಮ ಮನೆಯ ಕರೆಂಟು ಮೀಟರೂ ಹೀಗೆಯೇ. ಮೀಟರಿನಲ್ಲಿ 4398 ಎಂದಿದ್ದರೆ ಈ ತಿಂಗಳು ಅಷ್ಟು ಯೂನಿಟ್ ಸುಟ್ಟಿರಿ ಎಂದಲ್ಲ. ಹೋದ ತಿಂಗಳ 4312ನ್ನು ಕಳೆದರೆ 86 ಯೂನಿಟ್. ಸಿಪಿಯು ಲೆಕ್ಕವೂ ಅಷ್ಟೇ. ಒಂದೇ ಕೋರ್ ಇರುವ ಯಂತ್ರದಲ್ಲಿ ಮೊದಲ ಓದಿನಲ್ಲಿ ಒಟ್ಟು 5,00,000, ಅದರಲ್ಲಿ ಸುಮ್ಮನಿದ್ದದ್ದು 4,00,000 ಎನ್ನಿ. ಹತ್ತು ಸೆಕೆಂಡಿನ ನಂತರ ಒಟ್ಟು 5,01,000, ಸುಮ್ಮನಿದ್ದದ್ದು 4,00,700. ಕಳೆದ ಹತ್ತು ಸೆಕೆಂಡಿನ 1000ದಲ್ಲಿ 700 ಸುಮ್ಮನೆ, 300 ದುಡಿತ. ಅಂದರೆ ಶೇ. 30. ಕಳೆಯದೆ ನೇರವಾಗಿ ಭಾಗಿಸಿದ್ದರೆ ಶೇ. 20 ಎಂದು ಬರುತ್ತಿತ್ತು. ಅದು ಈ ಕ್ಷಣದ ಸ್ಥಿತಿಯಲ್ಲ, ಯಂತ್ರದ ಇಡೀ ಆಯುಷ್ಯದ ಸರಾಸರಿ. ದಿನಗಟ್ಟಲೆ ಓಡಿದ ಯಂತ್ರದಲ್ಲಿ ಹೀಗೆ ಬರೆದ ಗೆರೆ ಅಲುಗಾಡುವುದೇ ಇಲ್ಲ. ನೋಡಿದವರು ಎಲ್ಲವೂ ಶಾಂತವಾಗಿದೆ ಎಂದುಕೊಳ್ಳುತ್ತಾರೆ.

ಆದ್ದರಿಂದ ಫಂಕ್ಷನ್ ಪೆಟ್ಟಿಗೆ ಹಿಂದಿನ ಓದನ್ನು ನೆನಪಿಟ್ಟುಕೊಳ್ಳಬೇಕು. ಹರಿವಿನ ಕ್ರಮವಿಧಿಯಲ್ಲಿ ಪೊಟ್ಟಣ ಬಂತು, ಹೋಯಿತು, ನೆನಪು ಪೆಟ್ಟಿಗೆಯದು. ಹಿಂದಿನ ತಿಂಗಳ ರೀಡಿಂಗ್ ಬರೆದಿಟ್ಟ ಪುಸ್ತಕವಿಲ್ಲದೆ ಮೀಟರ್ ನೋಡುವವರು ಬಂದು ಏನು ಪ್ರಯೋಜನ? ಯಂತ್ರವನ್ನು ಆರಿಸಿ ಹಚ್ಚಿದಾಗ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನೂ ಗಮನಿಸಿ. ಹಳೆಯ ನೆನಪನ್ನು ಎಲ್ಲಾದರೂ ಉಳಿಸಿಟ್ಟಿದ್ದರೆ ಕಳೆದಾಗ ಋಣಸಂಖ್ಯೆ ಬರುತ್ತದೆ. ಆ ಒಂದು ಓದನ್ನು ಬಿಟ್ಟುಬಿಡಬೇಕು.

ಮೆಮೊರಿಯ ಅಂಕಿಯಲ್ಲೂ ಒಂದು ಮೋಸವಿದೆ. 'ಫ್ರೀ' ಎಂದು ತೋರಿಸುವ ಅಂಕಿ ತೀರಾ ಕಡಿಮೆ ಕಂಡು ಹೊಸಬರು ಗಾಬರಿಯಾಗುತ್ತಾರೆ. ಲಿನಕ್ಸ್ ಖಾಲಿ ಮೆಮೊರಿಯನ್ನು ಸುಮ್ಮನೆ ಬಿಡದೆ ಮೊದಲು ಓದಿದ ಕಡತಗಳನ್ನು ಅಲ್ಲಿ ಇಟ್ಟುಕೊಂಡಿರುತ್ತದೆ, ಬೇಕಾದಾಗ ತೆರವು ಮಾಡುತ್ತದೆ. ಅತಿಥಿ ಬಂದರೆ ಎತ್ತಿಡಬಹುದಾದ ಬಟ್ಟೆ ಮಂಚದ ಮೇಲಿದ್ದರೆ ಮಂಚ ತುಂಬಿದೆ ಎನ್ನುತ್ತೇವೆಯೇ? 2014ರಿಂದ 'ಅವೈಲಬಲ್' ಎಂಬ ಬೇರೆ ಅಂಕಿಯನ್ನೇ ಕೊಡುತ್ತಿದ್ದಾರೆ. ನೋಡಬೇಕಾದದ್ದು ಅದನ್ನು. ಶಾಖದ ಕಡತದಲ್ಲಿ 47774 ಎಂದು ಬಂದರೆ ಸಾವಿರದಿಂದ ಭಾಗಿಸಿ, 47.8 ಡಿಗ್ರಿ. ಪೈ ಯಂತ್ರ 80 ಡಿಗ್ರಿ ದಾಟುತ್ತಿದ್ದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ಸೀಮೆಯ ಏಪ್ರಿಲ್ ತಿಂಗಳ ತಗಡಿನ ಛಾವಣಿಯ ಕೆಳಗೆ ಇದು ಬರೀ ಪುಸ್ತಕದ ಮಾತಲ್ಲ.

ಎಷ್ಟು ಸಲ ಕೇಳಬೇಕು ಎಂಬುದಕ್ಕೂ ಮಿತಿ ಇದೆ. ಜ್ವರ ಬಂದವರ ಬಾಯಲ್ಲಿ ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಇಟ್ಟರೆ ಅವರು ಮಲಗುವುದು ಯಾವಾಗ? ಪ್ರತಿ ಸೆಕೆಂಡಿಗೆ ಹತ್ತು ಸಲ ಕೇಳಿದರೆ ಕೇಳುವ ಕೆಲಸವೇ ಸಿಪಿಯುವಿನ ಹೊರೆಯಾಗುತ್ತದೆ. ಉತ್ತರಗಳನ್ನೆಲ್ಲ ಮೆಮೊರಿ ಕಾರ್ಡಿಗೆ ಬರೆಯುತ್ತ ಹೋದರೆ ಕಾರ್ಡು ಸವೆಯುತ್ತದೆ. ಬರೆಯುವಾಗಲೇ ಕರೆಂಟು ಹೋದರೆ ಕೆಟ್ಟೂ ಹೋಗಬಹುದು.

ಮಾರಿಸನ್ ಅವರಿಗೆ ನೋಡ್-ರೆಡ್‌ನಂಥವುಗಳ ಬಗ್ಗೆ ಪೂರ್ಣ ಸಮಾಧಾನವಿರಲಿಲ್ಲ. ಅವು ಹರಿವಿನ ವಿಚಾರದಿಂದ ಪ್ರೇರಣೆ ಪಡೆದವು, ಆದರೆ ಮೂಲ ಪದ್ಧತಿ ಅಲ್ಲ ಎಂದು ಅವರು ಬೇರ್ಪಡಿಸಿ ಹೇಳುತ್ತಿದ್ದರು. ನನಗೆ ಅವರ ಮಾತು ಸರಿ ಎನಿಸುತ್ತದೆ. ಮೂಲ ಪದ್ಧತಿಯಲ್ಲಿ ಕೊಳವೆಗೆ ಅಳತೆಯಿದೆ. ದೇಗಿನವರು ಹಿಂದೆ ಬಿದ್ದರೆ ತಟ್ಟೆ ತುಂಬುತ್ತದೆ, ತಟ್ಟೆ ತುಂಬಿದರೆ ಈರುಳ್ಳಿಯವರು ಕೈ ನಿಲ್ಲಿಸುತ್ತಾರೆ. ನೋಡ್-ರೆಡ್‌ನಲ್ಲಿ ಹಾಗೆ ತಾನಾಗಿ ಕೈ ನಿಲ್ಲಿಸುವ ಏರ್ಪಾಡಿಲ್ಲ. ಮುಂದಿನ ಪೆಟ್ಟಿಗೆ ನಿಧಾನವಾದರೆ ಪೊಟ್ಟಣಗಳು ಮೆಮೊರಿಯಲ್ಲಿ ರಾಶಿ ಬೀಳುತ್ತವೆ. ಮೆಮೊರಿ ಕಾಯಲು ಇಟ್ಟ ಕಾವಲುಗಾರನೇ ಮೆಮೊರಿ ತಿಂದುಹಾಕಿದಂತೆ. ಆದರೂ ಹತ್ತನೇ ತರಗತಿಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದದ್ದು ನೋಡ್-ರೆಡ್. ಮಾರಿಸನ್ ಅವರ ಶುದ್ಧ ಪದ್ಧತಿಯನ್ನು ಅಷ್ಟು ಬೇಗ ಕಲಿಸಲಾಗದು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಯಂತ್ರವೇ ಸತ್ತರೆ ತಾನು ಸತ್ತೆ ಎಂದು ಹೇಳುವವರು ಯಾರು? ಇದಕ್ಕೆ ಉತ್ತರ ಸಿಕ್ಕಿದ್ದು ಎಣ್ಣೆಯ ಪೈಪುಗಳ ಕಡೆಯಿಂದ. 1999ರಲ್ಲಿ ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬವರು, ಮರಳುಗಾಡಿನಂಥ ದೂರದ ಜಾಗಗಳಲ್ಲಿನ ಪೈಪುಗಳ ಸ್ಥಿತಿಯನ್ನು ದುಬಾರಿ ಉಪಗ್ರಹ ಸಂಪರ್ಕದಲ್ಲಿ ಕಡಿಮೆ ಮಾತಿನಲ್ಲಿ ತಿಳಿಸುವುದಕ್ಕೆ 'ಎಂಕ್ಯೂಟಿಟಿ' ಎಂಬ ಪದ್ಧತಿ ಮಾಡಿದರು. ಅದರಲ್ಲಿ ಪ್ರತಿ ಯಂತ್ರವೂ ನಡುವೆ ಇರುವ ಒಬ್ಬ ದಲ್ಲಾಳಿಗೆ ಸಂಪರ್ಕಿಸುವಾಗಲೇ ಒಂದು ವಸಿಯತ್‌ನಾಮೆ ಕೊಟ್ಟಿಡಬಹುದು. ಅದರ ಹೆಸರೇ 'ವಿಲ್'! ನಾನು ಹೇಳದೆ ಕೇಳದೆ ಮೌನವಾದರೆ ಈ ಮಾತನ್ನು ಎಲ್ಲರಿಗೂ ತಿಳಿಸಿ ಎಂದು ಅದರಲ್ಲಿರುತ್ತದೆ. ಯಂತ್ರ ಬಿದ್ದೊಡನೆ ದಲ್ಲಾಳಿ ಗೊತ್ತಾದ ಗಡುವು ಕಾದು, ವಸಿಯತ್ತನ್ನು ಓದಿ ಹೇಳುತ್ತಾನೆ. ನೋಡ್-ರೆಡ್‌ನಲ್ಲಿ ಇದಕ್ಕೂ ಪೆಟ್ಟಿಗೆ ಇದೆ.

ಇದೆಲ್ಲ ನಮ್ಮ ಮನೆ ಬಾಗಿಲಿಗೆ ಹೇಗೆ ಬಂತು ನೋಡಿ. ನಮ್ಮ ಉತ್ತರಕ್ಕಿರುವ ಪಾವಗಡದಲ್ಲಿ ಬಳಸಮುದ್ರ, ತಿರುಮಣಿ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಎದ್ದಿತು. 2018ರ ಮಾರ್ಚ್ 1ರಂದು ಉದ್ಘಾಟನೆಯಾಗಿ, 2019ರ ಡಿಸೆಂಬರಿನ ಹೊತ್ತಿಗೆ 2050 ಮೆಗಾವ್ಯಾಟ್ ಪೂರ್ಣವಾಯಿತು. ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಇಂಥ ಪಾರ್ಕಿನಲ್ಲಿ ಫಲಕಗಳ ಪ್ರತಿ ಸಾಲಿನ ಕರೆಂಟು, ಇನ್ವರ್ಟರಿನ ಶಾಖ, ಬಿದ್ದ ಬಿಸಿಲಿನ ಅಳತೆ ಎಲ್ಲವೂ ನಿಯಂತ್ರಣ ಕೊಠಡಿಯ ಪರದೆಗೆ ಹರಿದು ಬರುತ್ತವೆ. ಇನ್ವರ್ಟರುಗಳು ಉತ್ತರಿಸುವ ಭಾಷೆ ಬಹುಮಟ್ಟಿಗೆ 1979ರಲ್ಲಿ ಹುಟ್ಟಿದ ಮಾಡ್‌ಬಸ್. ಬಿಸಿಲು ಹೆಚ್ಚಿದಷ್ಟೂ ಒಳ್ಳೆಯದು ಎಂದು ನಾವು ತಿಳಿಯುತ್ತೇವೆ. ಆದರೆ ಫಲಕ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಎಷ್ಟು ವಿದ್ಯುತ್ತು ಬಂತು ಎಂಬುದು ಮಾತ್ರವಲ್ಲ, ಆ ಬಿಸಿಲಿಗೆ ಬರಬೇಕಾದದ್ದರಲ್ಲಿ ಎಷ್ಟು ಬಂತು ಎಂದು ನೋಡುತ್ತಾರೆ. ಅಕ್ಕಪಕ್ಕದ ಒಂಬತ್ತು ಸಾಲು 9 ಆಂಪಿಯರ್ ಕೊಟ್ಟು ಹತ್ತನೆಯದು 5 ಕೊಟ್ಟರೆ, ಅಲ್ಲಿ ದೂಳು ಕೂತಿದೆ, ನೆರಳು ಬಿದ್ದಿದೆ ಅಥವಾ ತಂತಿ ಸಡಿಲವಾಗಿದೆ.

ಸ್ಥಳೀಯರಿಗೆ ಸಿಕ್ಕ ಕೆಲಸಗಳಲ್ಲಿ ಕಾವಲು, ಹುಲ್ಲು ಕೀಳುವುದು, ಫಲಕ ತೊಳೆಯುವುದೇ ಹೆಚ್ಚು ಎಂಬ ದೂರು ಪತ್ರಿಕೆಗಳಲ್ಲಿ ಬಂದಿದೆ. ತೊಳೆಯುವ ಕೆಲಸ ಕೀಳಲ್ಲ. ಆದರೆ ಯಾವ ಸಾಲು ತೊಳೆಯಬೇಕು ಎಂದು ಹೇಳುವುದು ಪರದೆ. ಆ ಪರದೆಯ ಮುಂದೆ ಕೂರುವುದಕ್ಕೆ ಬೇಕಾದ ಗಣಿತ ಮೇಲೆ ನೀವು ಮಾಡಿದ ಕಳೆಯುವ ಲೆಕ್ಕಕ್ಕಿಂತ ಬಹಳ ಕಠಿಣವೇನೂ ಅಲ್ಲ. ಐಟಿಐ, ಡಿಪ್ಲೊಮಾ ಓದುವ ನಮ್ಮ ಹುಡುಗರು ಹುಡುಗಿಯರು ತಂತಿ ಜೋಡಿಸುವುದನ್ನು ಕಲಿಯುತ್ತಿದ್ದಾರೆ. ತಂತಿಯಲ್ಲಿ ಬರುವ ಅಂಕಿಯನ್ನು ಓದುವುದನ್ನೂ ಕಲಿಯುವ ಏರ್ಪಾಡನ್ನು ಸಂಘದ ಸದಸ್ಯರು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಬೇಕಾಗುವುದು ಒಂದೆರಡು ಪೈ ಯಂತ್ರ, ಹಳೆಯದೊಂದು ಮಾನಿಟರ್. ತಂತ್ರಾಂಶ ಉಚಿತ.

ಕೊನೆಯದಾಗಿ ಮಳೆಯ ವಿಷಯ. ಬರ ಪರಿಶೀಲನಾ ಕೋಶ ಎಂಬ ಹೆಸರಿನಲ್ಲಿ 1988ರಲ್ಲಿ ಹುಟ್ಟಿದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿತು. ಒಂದು ಸಣ್ಣ ಸೌರ ಫಲಕ, ಒಂದು ಬ್ಯಾಟರಿ, ಒಂದು ಮೊಬೈಲ್ ಸಂಪರ್ಕ. 15 ನಿಮಿಷಕ್ಕೊಮ್ಮೆ ಬಿದ್ದ ಮಳೆಯ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಬರ ಘೋಷಣೆಗೂ, ಹವಾಮಾನ ಆಧಾರಿತ ಬೆಳೆ ವಿಮೆಗೂ ಇಂಥ ಅಂಕಿಗಳೇ ಆಧಾರ. ಮಧುಗಿರಿ, ಪಾವಗಡ, ಶಿರಾ ಸೀಮೆಯ ರೈತನಿಗೆ ಇದು ಬರೀ ಅಂಕಿಯಲ್ಲ, ಆ ವರ್ಷದ ಅನ್ನ.

ಈಗ ಯೋಚಿಸಿ. ಮಾಪಕದಿಂದ 'ಸೊನ್ನೆ' ಎಂದು ಬಂದರೆ ಮಳೆ ಇಲ್ಲ. ಏನೂ ಬರದಿದ್ದರೆ? ಮಳೆ ಇಲ್ಲ ಎಂದಲ್ಲ, ಮಾಪಕ ಮೂಕವಾಗಿದೆ ಎಂದು. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಸೊನ್ನೆ ಎಂದು ತುಂಬಿಬಿಟ್ಟರೆ ಮಳೆ ಬಿದ್ದ ಊರೂ ಬೀಳದ ಊರಂತೆ ಕಾಣುತ್ತದೆ. ಮಾಪಕದ ಬ್ಯಾಟರಿ ವೋಲ್ಟೇಜಿನಂಥ ಮನೆವಾರ್ತೆಯ ಅಂಕಿ ಮಳೆಯ ಅಂಕಿಯ ಜೊತೆಯಲ್ಲೇ ಬರಬೇಕು ಎನ್ನುವುದು ಇದಕ್ಕೇ. ವೋಲ್ಟೇಜು ಮೂರು ದಿನದಿಂದ ಇಳಿಯುತ್ತಿದ್ದರೆ, ಮೌನ ಬರುವ ಮೊದಲೇ ಅದು ಬರುತ್ತದೆಂದು ತಿಳಿಯುತ್ತದೆ.

ಮೂರನೆಯದೊಂದು ಸಂದರ್ಭವೂ ಇದೆ. ಮಾಪಕದ ಒಳಗೆ ಒಂದು ಪುಟ್ಟ ತಕ್ಕಡಿ ಬಟ್ಟಲಿದೆ. ಇಂತಿಷ್ಟು ನೀರು ತುಂಬಿದೊಡನೆ ಅದು ಮಗುಚುತ್ತದೆ, ಒಂದು ಎಣಿಕೆ ಬೀಳುತ್ತದೆ. ಮೇಲಿನ ಆಲಿಕೆಯಲ್ಲಿ ಒಣಗಿದ ಬೇವಿನ ಎಲೆಯೋ ಜೇಡರ ಬಲೆಯೋ ಕಟ್ಟಿಕೊಂಡರೆ ನೀರು ಬಟ್ಟಲಿಗೆ ಇಳಿಯುವುದೇ ಇಲ್ಲ. ಬ್ಯಾಟರಿ ಚೆನ್ನಾಗಿದೆ, ಸಂಪರ್ಕ ಚೆನ್ನಾಗಿದೆ, ಯಂತ್ರ ತನ್ನ ಬಗ್ಗೆ ಹೇಳುವುದೆಲ್ಲ ಸತ್ಯ, ಮಳೆ ಮಾತ್ರ ಸೊನ್ನೆ. ಇಲ್ಲಿ ಯಾವ ಪೆಟ್ಟಿಗೆ, ಯಾವ ಕೊಳವೆಯೂ ಕೆಲಸಕ್ಕೆ ಬಾರದು. ಪಕ್ಕದ ನಾಲ್ಕು ಪಂಚಾಯಿತಿಗಳ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಅನುಮಾನ ಬಂದರೆ ಕೇಂದ್ರದವರಿಗೆ ತಿಳಿಸಬೇಕು. ಮುಂಗಾರಿಗೆ ಮುಂಚೆ ಅವರ ಕಡೆಯ ಒಬ್ಬರು ಬಂದು, ಮೇಲೆ ಹತ್ತಿ, ಆಲಿಕೆಯಲ್ಲಿ ಕೈಯಾಡಿಸಿ ನೋಡಿ ಹೋಗಬೇಕು.